ಒಂದೇ ಜೀವ, ಸಾಕ್ಷಿಗೊಂದು ಆಡ್‌ಆನ್

ಕಬಡ್ಡಿಯ ಹಳೆಯ ಪದ್ಧತಿಗಳಲ್ಲಿ ಸಂಜೀವಿನಿ ಎಂಬುದೊಂದು, ಗಾಮಿನಿ ಎಂಬುದು ಇನ್ನೊಂದು. ಸಂಜೀವಿನಿಯಲ್ಲಿ ಔಟಾದವನು ಗೆರೆಯಾಚೆ ಕೂತು ಕಾಯುತ್ತಾನೆ. ಎದುರು ತಂಡದವನೊಬ್ಬ ಔಟಾದರೆ ಇವನು ಎದ್ದು ಒಳಗೆ ಬರುತ್ತಾನೆ. ಗಾಮಿನಿಯಲ್ಲಿ ಆ ಭಾಗ್ಯವಿಲ್ಲ. ಔಟಾದವನು ಔಟೇ, ತನ್ನ ತಂಡವೆಲ್ಲ ಖಾಲಿಯಾಗುವ ತನಕ ಹೊರಗೇ. ಈಗ ಟಿವಿಯಲ್ಲಿ ನಾವು ನೋಡುವುದು ಸಂಜೀವಿನಿ ವಂಶದ ಕಬಡ್ಡಿ. ಕಂಪ್ಯೂಟರಿನಲ್ಲಿ ಆಡುವ ಆಟಗಳೂ ಬಹುಪಾಲು ಅದೇ ವಂಶದವು: ಸತ್ತರೆ ಹಿಂದಿನ ಸೇವ್‌ನಿಂದ ಮತ್ತೆ ಶುರು. ಹೀಗಿದ್ದೂ ಒಂದಷ್ಟು ಆಟಗಾರರು ತಾವಾಗಿಯೇ ಗಾಮಿನಿಯ ಕಡೆ ವಾಲಿದ್ದಾರೆ. ಪಾತ್ರ ಒಮ್ಮೆ ಸತ್ತರೆ ಅದರ ಕಥೆ ಮುಗಿಯಿತು, ಆಡುವುದಾದರೆ ಒಂದನೆಯ ಲೆವೆಲ್‌ನಿಂದ ಆಡು ಎನ್ನುವ ಈ ಬಗೆಗೆ ಅವರ ನಡುವೆ ಪರ್ಮಾಡೆತ್ ಎಂದು ಹೆಸರು. ಹಾರ್ಡ್‌ಕೋರ್ ಎಂದೂ ಕರೆಯುತ್ತಾರೆ.

ಇದು ತೀರ ಹೊಸದೇನಲ್ಲ. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳಾದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಯುನಿಕ್ಸ್ ಕಂಪ್ಯೂಟರಿಗೆ ಬರೆದ 'ರೋಗ್' ಎಂಬ ಆಟದಲ್ಲಿ ಸೇವ್ ಮಾಡಿದ ಕಡತವನ್ನು ಮತ್ತೆ ತೆರೆದ ಕೂಡಲೇ ಆಟವೇ ಅದನ್ನು ಅಳಿಸಿಹಾಕುತ್ತಿತ್ತು. ನಿಲ್ಲಿಸಿ ಹೋಗಬಹುದಿತ್ತು, ಹಿಂದಕ್ಕೆ ಹೋಗುವಂತಿರಲಿಲ್ಲ. 2000ದಲ್ಲಿ ಬಂದ 'ಡಯಾಬ್ಲೊ 2' ಆಟದಲ್ಲಿ, ಒಮ್ಮೆ ಪೂರ್ತಿ ಆಡಿ ಮುಗಿಸಿದವರಿಗೆ ಮಾತ್ರ ಹಾರ್ಡ್‌ಕೋರ್ ಬಾಗಿಲು ತೆರೆಯುತ್ತಿತ್ತು. 2002ರ 'ಸ್ಟೀಲ್ ಬೆಟಾಲಿಯನ್' ಎಂಬ ಜಪಾನೀ ಆಟಕ್ಕೆ ಸುಮಾರು ನಲವತ್ತು ಗುಂಡಿಗಳ ಒಂದು ದೈತ್ಯ ಕಂಟ್ರೋಲರ್ ಇತ್ತು. ಆಟದೊಳಗೆ ನೀವು ನಡೆಸುವ ಯುದ್ಧಯಂತ್ರ ಸ್ಫೋಟಗೊಳ್ಳುವ ಮುನ್ನ ಕಂಟ್ರೋಲರಿನ ಕೆಂಪು ಗುಂಡಿ ಒತ್ತಿ ಹಾರಿಕೊಳ್ಳದಿದ್ದರೆ ನಿಮ್ಮ ಸೇವ್ ಕಡತವೇ ಮಾಯ.

ಇವೆಲ್ಲದರಲ್ಲೂ ಸಾವಿನ ನಿಯಮ ಬರೆದವರು ಆಟ ಮಾಡಿದವರೇ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಸಂಗತಿ. ಸಾವಿಗೆ ಬೆಲೆಯೇ ಇಲ್ಲದ ಒಂದು ಆಟಕ್ಕೆ ಆಟಗಾರರೇ ಸಾವನ್ನು ತಂದದ್ದು, ಅದೂ ಆಟದ ಮೂಲದಲ್ಲಿ ಒಂದಕ್ಷರ ಬದಲಿಸದೆ, ಬರಿಯ ಒಂದು ಆಡ್‌ಆನ್ ಕಟ್ಟಿ.

ಆಟದ ಹೆಸರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಅಮೆರಿಕದ ಬ್ಲಿಝಾರ್ಡ್ ಕಂಪನಿ 2004ರ ನವೆಂಬರ್‌ನಲ್ಲಿ ಹೊರತಂದದ್ದು. ಸಾವಿರಾರು ಜನ ಒಂದೇ ಸರ್ವರ್‌ನಲ್ಲಿ, ಒಂದೇ ಕಾಲ್ಪನಿಕ ಲೋಕದಲ್ಲಿ ಓಡಾಡುತ್ತಾರೆ. ವರ್ಷಗಳು ಕಳೆದಂತೆ ಆಟ ಗುರುತು ಸಿಗದಷ್ಟು ಬದಲಾಯಿತು. ಹಳೆಯದೇ ಬೇಕೆಂದು ಜನ ಹಟ ಹಿಡಿದ ಮೇಲೆ 2019ರ ಆಗಸ್ಟ್‌ನಲ್ಲಿ ಕಂಪನಿ ಹಳೆಯ ರೂಪವನ್ನೇ 'ಕ್ಲಾಸಿಕ್' ಎಂಬ ಹೆಸರಿನಲ್ಲಿ ಮತ್ತೆ ತೆರೆಯಿತು. ಇದರಲ್ಲಿ ಗರಿಷ್ಠ ಲೆವೆಲ್ 60. ಅಲ್ಲಿಗೆ ಮುಟ್ಟಲು ಸಾಮಾನ್ಯ ಆಟಗಾರನಿಗೆ ನೂರು ಗಂಟೆ ಎಲ್ಲಿಗೂ ಸಾಲದು.

ಈ ಆಟದಲ್ಲಿ ಸತ್ತರೆ ಏನಾಗುತ್ತದೆ? ನೀವು ಬೂದುಬಣ್ಣದ ಪ್ರೇತವಾಗಿ ಹತ್ತಿರದ ಸ್ಮಶಾನದಲ್ಲಿ ಏಳುತ್ತೀರಿ. ಅಲ್ಲಿಂದ ನಿಮ್ಮ ಹೆಣ ಬಿದ್ದಲ್ಲಿಗೆ ಓಡಿ ಬಂದರೆ ಮರುಜೀವ. ದಂಡವೆಂದರೆ ತೊಟ್ಟ ಕವಚ ಆಯುಧಗಳು ಶೇ 10ರಷ್ಟು ಸವೆದಿರುತ್ತವೆ, ಕಮ್ಮಾರನಿಗೆ ನಾಲ್ಕು ಕಾಸು ಕೊಟ್ಟರೆ ಸರಿಯಾಗುತ್ತದೆ. ಓಡಲು ಸೋಮಾರಿತನವಿದ್ದರೆ ಸ್ಮಶಾನದಲ್ಲಿ ನಿಂತ ದೇವತೆಯ ಬಳಿಯೇ ಜೀವ ಬೇಡಬಹುದು. ಆಗ ಸವೆತ ಶೇ 25, ಜೊತೆಗೆ ಹತ್ತು ನಿಮಿಷದವರೆಗೆ ನಿಶ್ಶಕ್ತಿ. ಅಷ್ಟೇ. ಹೀಗಾಗಿ ಮೊದಲ ಐವತ್ತು ಲೆವೆಲ್‌ಗಳನ್ನು ಯಾರೂ ಆಟವೆಂದೇ ಎಣಿಸುತ್ತಿರಲಿಲ್ಲ. ಒಂದು ಕಡೆ ವಿಡಿಯೊ ನೋಡುತ್ತ ಇನ್ನೊಂದು ಕಡೆ ತೋಳ ಹಂದಿಗಳನ್ನು ಹೊಡೆಯುತ್ತ ಸಾಗುವ ಕೂಲಿ ಕೆಲಸವಾಗಿತ್ತು ಅದು.

ಇದರಿಂದ ಬೇಸತ್ತವರು ಸೇರಿ ಒಂದು ಒಪ್ಪಂದ ಮಾಡಿಕೊಂಡರು. ಸತ್ತರೆ ಪಾತ್ರವನ್ನು ಅಳಿಸಬೇಕು. ಹರಾಜುಕಟ್ಟೆಯಲ್ಲಿ ಏನೂ ಕೊಳ್ಳಬಾರದು, ಮಾರಬಾರದು. ಅಂಚೆಪೆಟ್ಟಿಗೆ ಮುಟ್ಟಬಾರದು, ಬೇರೆಯವರಿಂದ ಸಾಮಾನು ಪಡೆಯಬಾರದು. ಬಯಲಿನಲ್ಲಿ ಗುಂಪು ಕಟ್ಟಬಾರದು. ಗುಹೆ ಕೋಟೆಗಳಂಥ ಡಂಜನ್‌ಗಳಿಗೆ ಗುಂಪಿನಲ್ಲಿ ಹೋಗಬಹುದು, ಒಂದೊಂದಕ್ಕೆ ಒಂದೇ ಸಲ. ಪ್ಯಾಲಡಿನ್ ಎಂಬ ವೀರಯೋಧರಿಗೆ ಹೆಚ್ಚುವರಿ ಕಟ್ಟು ಬೇರೆ. ಅವರ ಬಳಿ ಒಂದು ಅಭೇದ್ಯ ರಕ್ಷೆಯ ಮಂತ್ರವಿದೆ. ಮೇಲಿನ ಹಂತದಲ್ಲಿ 12 ಸೆಕೆಂಡು ಯಾರೂ ಮುಟ್ಟುವಂತಿಲ್ಲ. ಮನೆಗೆ ಹಾರಿಸುವ ಕಲ್ಲು ಕೆಲಸ ಮಾಡಲು 10 ಸೆಕೆಂಡು ಬೇಕು. ಕೂಡಿ ಕಳೆದರೆ ಪ್ಯಾಲಡಿನ್ ಸಾಯುವುದೇ ಇಲ್ಲ. ಹಾಗಾಗಿ ಇವೆರಡನ್ನೂ ಜೊತೆಯಲ್ಲಿ ಬಳಸುವುದು ನಿಷಿದ್ಧ. ನಿಯಮ ಬರೆದವರು ಇಷ್ಟು ಸೂಕ್ಷ್ಮಕ್ಕೆ ಇಳಿದದ್ದು ನೋಡಿದರೆ, ಆಡುವವರಿಗಿಂತ ಒಳ್ಳೆಯ ವಕೀಲರು ಸಿಗಲಾರರು ಎನಿಸುತ್ತದೆ.

ಒಪ್ಪಂದವೇನೋ ಆಯಿತು, ನಂಬುವುದು ಹೇಗೆ? ಸತ್ತವನು ಸದ್ದಿಲ್ಲದೆ ಎದ್ದು ಬಂದರೆ, ಗೆಳೆಯನ ಕೈಲಿ ಗುಟ್ಟಾಗಿ ಕತ್ತಿ ಪಡೆದರೆ ಕೇಳುವವರು ಯಾರು? ಆಡ್‌ಆನ್ ಬಂದದ್ದು ಇಲ್ಲಿ.

ಆಡ್‌ಆನ್ ಅಂದರೆ ಆಟಕ್ಕೆ ಹೊರಗಿನಿಂದ ಸೇರಿಸುವ ಪುಟ್ಟ ತಂತ್ರಾಂಶ. ವಾರ್‌ಕ್ರಾಫ್ಟ್ ತನ್ನ ಪರದೆಯ ಮೇಲಿನ ಗುಂಡಿ, ನಕ್ಷೆ, ಪಟ್ಟಿಗಳನ್ನೆಲ್ಲ ಲುವಾ ಎಂಬ ಭಾಷೆಯಲ್ಲಿ ಬರೆದಿಟ್ಟಿದೆ. ಬ್ರೆಜಿಲ್‌ನ ರಿಯೊ ನಗರದ ವಿಶ್ವವಿದ್ಯಾಲಯವೊಂದರಲ್ಲಿ 1993ರಲ್ಲಿ ಹುಟ್ಟಿದ ಭಾಷೆ ಅದು. ಅದೇ ಭಾಷೆಯಲ್ಲಿ ಯಾರು ಬೇಕಾದರೂ ಬರೆದು ಪರದೆಗೆ ತಮ್ಮ ಕೈಗುಣ ಸೇರಿಸಬಹುದು. ಒಳಗೆ ನಡೆಯುವ ಬಹುಪಾಲು ಘಟನೆಗಳ ಸುದ್ದಿಯನ್ನು ಆಟವೇ ಆಡ್‌ಆನ್‌ಗಳಿಗೆ ಮುಟ್ಟಿಸುತ್ತದೆ: ಲೆವೆಲ್ ಏರಿತು, ಅಂಚೆಪೆಟ್ಟಿಗೆ ತೆರೆಯಿತು, ಆಟಗಾರ ಸತ್ತ. ಹಾರ್ಡ್‌ಕೋರ್ ಆಡ್‌ಆನ್ ಈ ಸುದ್ದಿಗಳಿಗೆ ಕಿವಿಗೊಟ್ಟು ಕೂರುತ್ತದೆ. ಅಂಚೆಪೆಟ್ಟಿಗೆ ತೆರೆದರೆ ಆ ಕ್ಷಣವೇ ಮುಚ್ಚುತ್ತದೆ. ಹರಾಜುಕಟ್ಟೆಗೂ ಅದೇ ಗತಿ. ಸತ್ತರೆ ಎಷ್ಟನೆಯ ಲೆವೆಲ್‌ನಲ್ಲಿ ಎಂದು ಬರೆದಿಟ್ಟು, ಗಿಲ್ಡ್ ಎಂಬ ಆಟಗಾರರ ಬಳಗದ ಎಲ್ಲರಿಗೂ ಸಾರಿಬಿಡುತ್ತದೆ.

'ಆಡ್‌ಆನ್ ಅನ್ನೇ ಆಫ್ ಮಾಡಿ ಮೋಸ ಮಾಡಿದರೆ?' ಎಂದು ನೀವು ಕೇಳಬಹುದು. ಅದಕ್ಕೂ ಒಂದು ಉಪಾಯ ಹೂಡಿದ್ದರು, ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಜಾಣ ಭಾಗ ಇದೇ. ಪಾತ್ರವೊಂದು ಹುಟ್ಟಿದಂದಿನಿಂದ ಒಟ್ಟು ಎಷ್ಟು ಹೊತ್ತು ಆಡಿದೆ ಎಂಬ ಲೆಕ್ಕ ಬ್ಲಿಝಾರ್ಡ್‌ನ ಸರ್ವರ್‌ನಲ್ಲಿರುತ್ತದೆ. ಅದನ್ನು ಯಾವ ಆಟಗಾರನೂ ತಿದ್ದಲಾರ. ತಾನು ಎಚ್ಚರವಿದ್ದ ಹೊತ್ತಿನ ಲೆಕ್ಕವನ್ನು ಆಡ್‌ಆನ್ ಇಟ್ಟುಕೊಳ್ಳುತ್ತದೆ. ಎರಡೂ ಹೆಚ್ಚುಕಡಿಮೆ ತಾಳೆಯಾದರೆ ಸರಿ. ಸರ್ವರ್ ಐವತ್ತು ಗಂಟೆ ಎಂದು, ಆಡ್‌ಆನ್ ನಲವತ್ತೇ ಎಂದರೆ ಆ ಹತ್ತು ಗಂಟೆ ಏನು ನಡೆಯಿತೆಂದು ಹೇಳುವ ಸಾಕ್ಷಿ ಇಲ್ಲ. ಅಂಥ ಪಾತ್ರ 60 ಮುಟ್ಟಿದರೂ ಮಾನ್ಯತೆ ಸಿಗುವುದಿಲ್ಲ. ಕಳ್ಳನನ್ನು ಹಿಡಿಯುವ ಗೋಜಿಗೇ ಹೋಗದೆ, ಸಾಚಾ ಎಂದು ತೋರಿಸಿಕೊಳ್ಳುವ ಹೊಣೆಯನ್ನು ಆಡುವವನ ತಲೆಗೇ ಕಟ್ಟಿದ್ದಾರೆ.

ಪೋಕೆಮಾನ್ ಆಟಗಾರರ ನಡುವೆ ಇದಕ್ಕಿಂತ ಸರಳವಾದ ಒಂದು ವ್ರತವಿದೆ. ಚಿತ್ರಕಾರ ನಿಕ್ ಫ್ರಾಂಕೊ 2010ರಲ್ಲಿ ಕಾಮಿಕ್ಸ್ ಮೂಲಕ ಹಬ್ಬಿಸಿದ 'ನಜ್‌ಲಾಕ್'. ಒಂದು ಪ್ರದೇಶದಲ್ಲಿ ಮೊದಲು ಎದುರಾದ ಪ್ರಾಣಿಯನ್ನಷ್ಟೇ ಹಿಡಿಯಬೇಕು, ಅದು ಮೂರ್ಛೆ ಹೋದರೆ ಸತ್ತಿತೆಂದೇ ತಿಳಿದು ಕೈಬಿಡಬೇಕು. ಅಲ್ಲಿ ಆಡ್‌ಆನ್ ಇಲ್ಲ, ಲೆಕ್ಕವಿಲ್ಲ. ಆಡುವವನ ಮರ್ಯಾದೆಯೇ ಎಲ್ಲ. ಒಬ್ಬನೇ ಆಡುವ ಆಟಕ್ಕೆ ಅದು ಸಾಕು. ಸಾವಿರಾರು ಜನ ಒಂದೇ ಊರಲ್ಲಿರುವಾಗ ಮರ್ಯಾದೆಗೂ ಒಂದು ದಾಖಲೆ ಬೇಕಾಗುತ್ತದೆ.

ಇನ್ನು ವಾರ್‌ಕ್ರಾಫ್ಟ್‌ಗೆ ಆಡ್‌ಆನ್ ಹಾಕಿಕೊಳ್ಳುವ ಬಗೆ. ಆಡ್‌ಆನ್‌ಗಳು ಸಿಗುವ ದೊಡ್ಡ ಸಂತೆ ಕರ್ಸ್‌ಫೋರ್ಜ್. ಅದರ ಆ್ಯಪ್ ಇದ್ದರೆ ಒಂದು ಗುಂಡಿ ಒತ್ತಿದರೆ ಸಾಕು. ಆದರೂ ಕೈಯಾರೆ ಹಾಕುವುದನ್ನು ಒಮ್ಮೆ ಕಲಿತರೆ ಒಳಗೆ ಏನು ನಡೆಯುತ್ತಿದೆ ಎಂದು ಅರ್ಥವಾಗುತ್ತದೆ. ಜಿಪ್ ಕಡತ ಇಳಿಸಿಕೊಳ್ಳಿ, ಬಿಡಿಸಿ, ಬಂದ ಫೋಲ್ಡರ್ ಅನ್ನು ಆಟದ ಕ್ಲಾಸಿಕ್ ಭಾಗದ 'ಇಂಟರ್‌ಫೇಸ್' ಫೋಲ್ಡರಿನೊಳಗಿನ 'ಆಡ್‌ಆನ್ಸ್' ಫೋಲ್ಡರಿಗೆ ಹಾಕಿ. ಆಟವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಪಾತ್ರ ಆಯ್ಕೆಯ ಪರದೆಯಲ್ಲಿ ಕೆಳಗೆ ಎಡಗಡೆ ಆಡ್‌ಆನ್‌ಗಳ ಪಟ್ಟಿ ಇರುತ್ತದೆ, ಹೆಸರಿಗೆ ಟಿಕ್ ಬಿದ್ದಿದೆಯೇ ನೋಡಿ.

ಹತ್ತರಲ್ಲಿ ಒಂಬತ್ತು ಜನ ಮುಗ್ಗರಿಸುವುದು ಒಂದೇ ಕಡೆ. ನಮ್ಮ ಅಕ್ಕನ ಮಗ ಹೋದ ಬೇಸಿಗೆ ರಜೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಬಂದ.

'ಮಾವ, ಎಲ್ಲ ಸರಿಯಾಗೇ ಹಾಕಿದೀನಿ, ಲಿಸ್ಟಲ್ಲಿ ಬರ್ತಾನೇ ಇಲ್ಲ.'

'ಫೋಲ್ಡರ್ ತೆಗೆದು ತೋರಿಸು.'

ತೆಗೆದ. ಒಳಗೆ ಇನ್ನೊಂದು ಫೋಲ್ಡರ್. ಅದರೊಳಗೆ ಕಡತಗಳು. ಜಿಪ್ ಬಿಡಿಸುವಾಗ ವಿಂಡೋಸ್ ತಾನೇ ಒಂದು ಹೊದಿಕೆ ಫೋಲ್ಡರ್ ಮಾಡಿರುತ್ತದೆ. ಗಿಟ್‌ಹಬ್‌ನಿಂದ ಇಳಿಸಿದ್ದಾದರೆ ಹೆಸರಿನ ಕೊನೆಗೆ 'ಮೇನ್' ಎಂದೋ 'ಮಾಸ್ಟರ್' ಎಂದೋ ಬಾಲ ಬೇರೆ. ಆಟ ಅಷ್ಟು ಆಳಕ್ಕೆ ಇಳಿದು ಹುಡುಕುವುದಿಲ್ಲ. ಅದು 'ಆಡ್‌ಆನ್ಸ್' ಒಳಗಿನ ಪ್ರತಿ ಫೋಲ್ಡರಿನಲ್ಲೂ ಅದೇ ಹೆಸರಿನ, ಟಿಒಸಿ ಎಂದು ಕೊನೆಯಾಗುವ ಒಂದು ಪಠ್ಯ ಕಡತವನ್ನು ಹುಡುಕುತ್ತದೆ. ಫೋಲ್ಡರಿನ ಹೆಸರೂ ಆ ಕಡತದ ಹೆಸರೂ ಒಂದೇ ಆಗಿದ್ದರೆ ಒಳಗೆ ಬಿಡುತ್ತದೆ, ಇಲ್ಲದಿದ್ದರೆ ಮುಂದೆ ಹೋಗುತ್ತದೆ. ಒಳಗಿನ ಫೋಲ್ಡರ್ ಹೊರಗೆ ಎಳೆದು ಬಾಲ ಕತ್ತರಿಸಿದ ಮೇಲೆ ಹುಡುಗನ ಪಟ್ಟಿಯಲ್ಲಿ ಹೆಸರು ಬಂತು. ಕೆಂಪಕ್ಷರದಲ್ಲಿ.

ಕೆಂಪಕ್ಷರಕ್ಕೆ ಕಾರಣ ಅದೇ ಟಿಒಸಿ ಕಡತದಲ್ಲಿದೆ. ಅದರಲ್ಲಿ ಆಟದ ಯಾವ ಆವೃತ್ತಿಗೆ ಬರೆದದ್ದು ಎಂಬ ಸಂಖ್ಯೆಯ ಸಾಲೊಂದಿರುತ್ತದೆ, 1.15.0 ಆವೃತ್ತಿಗಾದರೆ 11500. ಆಟ ಮುಂದೆ ಹೋಗಿ ಆಡ್‌ಆನ್ ಹಿಂದುಳಿದಿದ್ದರೆ ಹಳತಾಗಿದೆ ಎಂದು ಗುರುತು ಹಾಕುತ್ತದೆ. ಹಳತನ್ನೂ ತೆರೆಯಲು ಪಟ್ಟಿಯ ಮೇಲೆಯೇ ಒಂದು ಚೌಕವಿದೆ. ಚಿಕ್ಕಪುಟ್ಟ ಆಡ್‌ಆನ್‌ಗಳು ಅದರಿಂದ ನಡೆದುಬಿಡುತ್ತವೆ. ಆದರೆ ಸಾವು ಬದುಕಿನ ಲೆಕ್ಕ ಇಡುವ ಆಡ್‌ಆನ್ ಹಳತಾಗಿದ್ದರೆ ಹೊಸತು ಬರುವ ತನಕ ಕಾಯುವುದೇ ವಿವೇಕ. ಅರ್ಧದಾರಿಯಲ್ಲಿ ಅದು ಕೈಕೊಟ್ಟರೆ ಲೆಕ್ಕದಲ್ಲಿ ತೂತು ಬೀಳುತ್ತದೆ.

ತೂತು ಬೀಳಲು ಇನ್ನೂ ಒಂದು ದಾರಿಯಿದೆ, ನಮ್ಮ ಊರುಗಳಲ್ಲಿ ಆಡುವವರಿಗೆ ಇದು ಗೊತ್ತಿರಲೇಬೇಕು. ಆಡ್‌ಆನ್ ಬರೆದಿಟ್ಟ ಲೆಕ್ಕ ಆಡುತ್ತಿರುವಷ್ಟು ಹೊತ್ತೂ ಕಂಪ್ಯೂಟರಿನ ನೆನಪಿನಲ್ಲಿ ಮಾತ್ರ ಇರುತ್ತದೆ. ಡಿಸ್ಕಿಗೆ ಇಳಿಯುವುದು ಆಟದಿಂದ ಕ್ರಮವಾಗಿ ಲಾಗ್‌ಔಟ್ ಆದಾಗ, ಇಲ್ಲವೇ ಪರದೆಯನ್ನು ರಿಲೋಡ್ ಮಾಡಿದಾಗ. ನಡುವೆ ಕರೆಂಟು ಹೋಗಿ ಕಂಪ್ಯೂಟರ್ ಆರಿದರೆ ಅಲ್ಲಿಯವರೆಗೆ ಆಡಿದ ಹೊತ್ತು ಆಡ್‌ಆನ್ ಪಾಲಿಗೆ ನಡೆದೇ ಇಲ್ಲ, ಸರ್ವರ್ ಪಾಲಿಗೆ ನಡೆದಿದೆ. ಮಳೆಗಾಲದಲ್ಲಿ ಮಲೆನಾಡಿನ ಕಡೆಯಿಂದ ಆಡುವವರು ಅರ್ಧ ಗಂಟೆಗೊಮ್ಮೆ ರಿಲೋಡ್ ಆಜ್ಞೆ ಟೈಪ್ ಮಾಡುವ ಚಾಳಿ ಬೆಳೆಸಿಕೊಳ್ಳಬೇಕು. ಈ ಲೆಕ್ಕವೆಲ್ಲ ಇರುವುದು ಆಟದ ಡಬ್ಲ್ಯುಟಿಎಫ್ ಎಂಬ ಫೋಲ್ಡರಿನೊಳಗೆ. ಹೆಸರು ಹುಡುಗಾಟಿಕೆಯದೆನಿಸಿದರೂ ಫೋಲ್ಡರ್ ಮುಖ್ಯವಾದದ್ದು. ಆಗಾಗ ನಕಲು ತೆಗೆದಿಡಿ.

ಅಪರಿಚಿತರು ಬರೆದ ತಂತ್ರಾಂಶವನ್ನು ಮನೆಯ ಕಂಪ್ಯೂಟರಿಗೆ ಹಾಕುವುದು ಸುರಕ್ಷಿತವೇ ಎಂದು ಅಪ್ಪ ಅಮ್ಮಂದಿರು ಕೇಳುತ್ತಾರೆ. ಉತ್ತರ ಯಾವ ಆಟ ಎಂಬುದರ ಮೇಲೆ ನಿಂತಿದೆ. ವಾರ್‌ಕ್ರಾಫ್ಟ್ ಆಡ್‌ಆನ್‌ಗೆ ಬೇಲಿ ಬಿಗಿಯಾಗಿದೆ. ಅದು ನಿಮ್ಮ ಡಿಸ್ಕಿನ ಕಡತ ಓದಲಾರದು, ತಾನಾಗಿ ಇಂಟರ್ನೆಟ್ಟಿಗೆ ಹೋಗಲಾರದು. ಒಂದು ಆಡ್‌ಆನ್ ಇನ್ನೊಬ್ಬನ ಆಡ್‌ಆನ್‌ಗೆ ಸಾವಿನ ಸುದ್ದಿ ಮುಟ್ಟಿಸಬೇಕಾದರೂ ಆಟದೊಳಗಿನ ಗುಪ್ತ ಚಾಟ್ ಮೂಲಕವೇ ಕಳಿಸಬೇಕು. ನಿಮ್ಮ ಬದಲು ತಾನೇ ಕತ್ತಿ ಬೀಸುವ ಅಧಿಕಾರವೂ ಅದಕ್ಕಿಲ್ಲ. ಆಡ್‌ಆನ್‌ಗಳಿಗೆ ಹಣ ಕೇಳಬಾರದು, ಒಳಗಿನ ಬರಹವನ್ನು ಮುಚ್ಚಿಡಬಾರದು ಎಂದು ಕಂಪನಿ 2009ರಲ್ಲೇ ನಿಯಮ ಮಾಡಿದೆ. ಹೀಗಿರುವಾಗ ಆಡ್‌ಆನ್ ಎಂದು ಯಾರಾದರೂ ಇಎಕ್ಸ್‌ಇ ಕಡತ ಕೊಟ್ಟರೆ ಅದು ಆಡ್‌ಆನ್ ಅಲ್ಲವೇ ಅಲ್ಲ. ಆಟದ ಚಾಟ್‌ನಲ್ಲಿ ಅಪರಿಚಿತರು 'ಈ ಸಾಲು ಟೈಪ್ ಮಾಡು, ತಮಾಷೆ ನೋಡು' ಎಂದರೂ ಮಾಡಬೇಡಿ. 2016ರಲ್ಲಿ ಅಂಥದ್ದೇ ಒಂದು ಸಾಲು ಬರೆಸಿ, ಬರೆದವರ ಪರದೆಯ ಹಿಡಿತವನ್ನೇ ಕಿತ್ತುಕೊಳ್ಳುವ ವಂಚನೆ ನಡೆದಿತ್ತು.

ಮೈನ್‌ಕ್ರಾಫ್ಟ್ ಎಂಬ ಇನ್ನೊಂದು ಆಟದ ಕಥೆ ಬೇರೆ. ಅದಕ್ಕೆ ಹೊರಗಿನವರು ಬರೆಯುವ ತಂತ್ರಾಂಶಕ್ಕೆ ಮಾಡ್ ಎನ್ನುತ್ತಾರೆ. ಈ ಮಾಡ್‌ಗಳು ಜಾವಾ ಭಾಷೆಯಲ್ಲಿ ಬರೆದವು, ಅವಕ್ಕೆ ಬೇಲಿಯೇ ಇಲ್ಲ. ಕಂಪ್ಯೂಟರಿನಲ್ಲಿ ನೀವು ಏನು ಮಾಡಬಲ್ಲಿರೋ ಅವೂ ಅದನ್ನೆಲ್ಲ ಮಾಡಬಲ್ಲವು. 2023ರ ಜೂನ್‌ನಲ್ಲಿ ಕೆಲವು ಮಾಡ್ ಲೇಖಕರ ಖಾತೆಗಳಿಗೆ ಕನ್ನ ಹಾಕಿ, ಕರ್ಸ್‌ಫೋರ್ಜ್‌ನಲ್ಲೇ ಇದ್ದ ಮಾಡ್‌ಗಳೊಳಗೆ 'ಫ್ರಾಕ್ಚರೈಸರ್' ಎಂಬ ಕಳ್ಳ ತಂತ್ರಾಂಶ ಸೇರಿಸಿದ್ದರು. ಅದು ಬ್ರೌಸರಿನಲ್ಲಿ ಉಳಿದ ಲಾಗಿನ್ ವಿವರಗಳನ್ನೆಲ್ಲ ಕದಿಯುತ್ತಿತ್ತು. ಹಾಗಾಗಿ ಮಗ ಮಗಳು 'ಮಾಡ್ ಹಾಕ್ತೀನಿ' ಎಂದಾಗ ಮೊದಲು ಕೇಳಬೇಕಾದ ಪ್ರಶ್ನೆ 'ಯಾವ ಆಟಕ್ಕೆ?' ಎಂಬುದು. ಮೈನ್‌ಕ್ರಾಫ್ಟ್ ಎಂದರೆ ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ಬೇಡ ಎಂದು ಹೇಳಿ.

ಮೈನ್‌ಕ್ರಾಫ್ಟ್‌ನಲ್ಲೂ ಹಾರ್ಡ್‌ಕೋರ್ ಇದೆ, 2011ರಿಂದ. ಅಲ್ಲಿ ಸತ್ತರೆ ಕಟ್ಟಿದ ಲೋಕವೇ ಕೈತಪ್ಪುತ್ತದೆ. ತಾನಾಡುವುದನ್ನು ಇಂಟರ್ನೆಟ್ಟಿನಲ್ಲಿ ನೇರವಾಗಿ ತೋರಿಸುವ ಫಿಲ್‌ಜಾ ಎಂಬ ಹೆಸರಿನ ಬ್ರಿಟಿಷ್ ಸ್ಟ್ರೀಮರ್ ಐದು ವರ್ಷ ಒಂದೇ ಲೋಕವನ್ನು ಕಟ್ಟಿಕೊಂಡು ಬಂದಿದ್ದ. 2019ರ ಏಪ್ರಿಲ್‌ನಲ್ಲಿ ಒಂದು ಮರಿ ಝಾಂಬಿಯೂ ಒಂದು ಜೇಡವೂ ಸೇರಿ ಅವನ ಕಥೆ ಮುಗಿಸಿದವು. ಡ್ರ್ಯಾಗನ್ನೋ ದೈತ್ಯನೋ ಅಲ್ಲ, ಮರಿ ಝಾಂಬಿ ಮತ್ತು ಜೇಡ. ಪರ್ಮಾಡೆತ್ ಆಡಿದವರ ಅನುಭವವೆಲ್ಲ ಬಹುಪಾಲು ಹೀಗೆಯೇ. ದೊಡ್ಡ ಶತ್ರುವಿನ ಮುಂದೆ ಎಲ್ಲರೂ ಹುಷಾರಾಗಿರುತ್ತಾರೆ.

ವಾರ್‌ಕ್ರಾಫ್ಟ್‌ನಲ್ಲಿ ಇದಕ್ಕೆ ನಕ್ಷೆಯೇ ಇದೆ. 'ಡೆತ್‌ಲಾಗ್' ಎಂಬ ಇನ್ನೊಂದು ಆಡ್‌ಆನ್ ಎಲ್ಲರ ಸಾವುಗಳನ್ನೂ ಕೂಡಿಹಾಕಿ, ಎಲ್ಲೆಲ್ಲಿ ಹೆಚ್ಚು ಜನ ಸತ್ತರೆಂದು ನಕ್ಷೆಯ ಮೇಲೆ ಬಣ್ಣ ಹಚ್ಚಿ ತೋರಿಸುತ್ತದೆ. ವೆಸ್ಟ್‌ಫಾಲ್ ಎಂಬ ಹೊಲಗದ್ದೆಗಳ ಸೀಮೆಯಲ್ಲಿ ಡೆಫಿಯಸ್ ಪಿಲೇಜರ್ ಎಂಬ 14-15ನೇ ಲೆವೆಲ್‌ನ ಡಕಾಯಿತರಿದ್ದಾರೆ. ನೋಡಲು ಸಾಮಾನ್ಯರು, ಆದರೆ ದೂರದಿಂದಲೇ ಬೆಂಕಿಯುಂಡೆ ಎಸೆಯುತ್ತಾರೆ. ಒಬ್ಬನೆಂದು ಹೋದರೆ ಮರದ ಹಿಂದೆ ಇನ್ನಿಬ್ಬರು. ಡ್ಯುರೊಟಾರ್ ಎಂಬ ಕೆಂಪುಮಣ್ಣಿನ ನಾಡಿನ ಕೊನೆಯಲ್ಲಿ ಸ್ಕಲ್ ರಾಕ್ ಎಂಬ ಗವಿ. ಒಳಗೆ ಹೋಗುವುದು ಸುಲಭ. ನೀವು ಕೊಂದವರು ಅಷ್ಟರಲ್ಲಿ ಮತ್ತೆ ಹುಟ್ಟಿಕೊಂಡು ಬಾಗಿಲು ಕಾಯುವುದರಿಂದ ಹೊರಬರುವುದು ಕಷ್ಟ. ಡಸ್ಕ್‌ವುಡ್ ಕಾಡಿನ ರಸ್ತೆಯಲ್ಲಿ ಸ್ಟಿಚಸ್ ಎಂಬ ಹೊಲಿಗೆ ಹಾಕಿದ ದೈತ್ಯ ನಡೆದುಕೊಂಡೇ ಬರುತ್ತಾನೆ. ಇವರಷ್ಟೇ ಅಲ್ಲ, ಎತ್ತರದ ನಗರದ ಲಿಫ್ಟ್‌ನಿಂದ ಕಾಲು ಜಾರಿ ಬಿದ್ದು ಸತ್ತವರೂ ಕಡಿಮೆಯಿಲ್ಲ.

ನಾಲ್ಕು ಕಾಸಿನ ದಂಡವಿದ್ದಾಗ ಯಾರೂ ತಿರುಗಿ ನೋಡದಿದ್ದ ಈ ಜಾಗಗಳಿಗೆ ಹಾರ್ಡ್‌ಕೋರ್ ಬಂದ ಮೇಲೆ ಬೆಲೆ ಬಂತು. ಒಂದು ಹೊಡೆದಾಟ ಮುಗಿದ ಮೇಲೆ ಜನ ಕೂತು ರೊಟ್ಟಿ ತಿಂದು ಜೀವ ತುಂಬಿಸಿಕೊಂಡು, ಸುತ್ತ ನೋಡಿ ಮುಂದಿನದಕ್ಕೆ ಹೋಗುತ್ತಾರೆ. ಚೀಲದಲ್ಲಿ ಬ್ಯಾಂಡೇಜು, ಮದ್ದು ಇಟ್ಟುಕೊಳ್ಳುತ್ತಾರೆ. ದಾರಿಯಲ್ಲಿ ಅಪರಿಚಿತ ಸಿಕ್ಕರೆ 'ಆ ಕಡೆ ಹೋಗಬೇಡ, ಮೂವರಿದ್ದಾರೆ' ಎಂದು ಹೇಳಿ ಹೋಗುತ್ತಾರೆ. 2004ರ ಆಟ, ಅದೇ ಹಂದಿ, ಅದೇ ತೋಳ. ಹೊಸ ಚಿತ್ರವಿಲ್ಲ, ಹೊಸ ಕಥೆಯಿಲ್ಲ. ಇಷ್ಟೆಲ್ಲ ಬದಲಾದದ್ದು ಕೆಲವು ನೂರು ಕಿಲೋಬೈಟ್‌ಗಳ ಒಂದು ಫೋಲ್ಡರಿನಿಂದ ಮತ್ತು ಅದನ್ನು ಒಪ್ಪಿದ ಜನರಿಂದ.

ಕಂಪನಿ ಇದನ್ನು ನೋಡುತ್ತಲೇ ಇತ್ತು. 2023ರ ಆಗಸ್ಟ್ 24ರಂದು ತಾನೇ ಹಾರ್ಡ್‌ಕೋರ್ ಸರ್ವರ್‌ಗಳನ್ನು ತೆರೆಯಿತು. ಅಮೆರಿಕದ ಎರಡಕ್ಕೆ ಡೆಫಿಯಸ್ ಪಿಲೇಜರ್, ಸ್ಕಲ್ ರಾಕ್ ಎಂದೇ ಹೆಸರಿಟ್ಟಿತು. ಯುರೋಪಿನ ಒಂದಕ್ಕೆ ಸ್ಟಿಚಸ್. ಜನರನ್ನು ಕೊಂದವರಿಗೇ ನಾಮಕರಣದ ಗೌರವ! ಅಲ್ಲಿ ಸತ್ತರೆ ಪ್ರೇತವಾಗಿ ಅಲೆದಾಡಬಹುದು, ಗೆಳೆಯರ ಜೊತೆ ಮಾತಾಡಬಹುದು, ಏಳುವಂತಿಲ್ಲ. ಬೇಕೆಂದರೆ ಪಾತ್ರವನ್ನು ಪುಕ್ಕಟೆಯಾಗಿ ಸಾಮಾನ್ಯ ಸರ್ವರ್‌ಗೆ ಸಾಗಿಸಿ ಬದುಕಿಸಿಕೊಳ್ಳಬಹುದು. ಹರಾಜುಕಟ್ಟೆ, ಅಂಚೆ, ವ್ಯಾಪಾರಕ್ಕೆ ಮಾತ್ರ ಅಡ್ಡಿಯಿಲ್ಲ. ಹಳಬರು ಇದಕ್ಕೆ ಮೂಗು ಮುರಿದರು. ನನಗೂ ಅವರ ಮಾತೇ ಸರಿಯೆನಿಸುತ್ತದೆ. ಬೇರೆಯವರ ಹಣದಲ್ಲಿ ಕತ್ತಿ ಕೊಂಡವನ ಅರುವತ್ತಕ್ಕೂ, ತಾನೇ ಹೆಕ್ಕಿದ್ದರಲ್ಲಿ ಬದುಕಿದವನ ಅರುವತ್ತಕ್ಕೂ ವ್ಯತ್ಯಾಸವಿದೆ. ಕಂಪನಿಗೂ ಅದು ಅರ್ಥವಾಯಿತೇನೋ, 2024ರಲ್ಲಿ ತಾನು ಗಳಿಸಿದ್ದನ್ನಷ್ಟೇ ಬಳಸುವ 'ಸೆಲ್ಫ್ ಫೌಂಡ್' ಎಂಬ ಬಗೆಯನ್ನೂ ಸೇರಿಸಿತು. ಆಟಗಾರರ ಹಳೆಯ ಒಪ್ಪಂದ ಕಂಪನಿಯ ಕಾಯಿದೆಯಾಗಲು ಆರೇಳು ತಿಂಗಳು ಹಿಡಿಯಿತು ಅಷ್ಟೆ.

ಕಾಯಿದೆಯಾದ ಮೇಲೆ ಅದರ ಕಷ್ಟಗಳೂ ಬಂದವು. ಇಂಟರ್ನೆಟ್ ಕಡಿದು ಸತ್ತರೆ? ಸರ್ವರ್ ತೊದಲಿ ಸತ್ತರೆ? ಯಾವ ಕಾರಣಕ್ಕೂ ಯಾರನ್ನೂ ಬದುಕಿಸುವುದಿಲ್ಲ ಎಂದು ಕಂಪನಿ ಮೊದಲೇ ಹೇಳಿತ್ತು. ಕಠೋರವಾದರೂ ಸ್ಪಷ್ಟ. 2025ರ ಮಾರ್ಚ್‌ನಲ್ಲಿ ಆ ಮಾತಿಗೆ ಪರೀಕ್ಷೆ ಬಂತು. 'ಓನ್ಲಿಫ್ಯಾಂಗ್ಸ್' ಎಂಬ ಸ್ಟ್ರೀಮರ್‌ಗಳ ದೊಡ್ಡ ಗಿಲ್ಡ್ ಬ್ಲ್ಯಾಕ್‌ವಿಂಗ್ ಲೇರ್ ಎಂಬ ಕೋಟೆಯಲ್ಲಿ ಹೋರಾಡುತ್ತಿದ್ದಾಗ ಯಾರೋ ಬೇಕೆಂದೇ ಸರ್ವರ್‌ಗಳ ಮೇಲೆ ಸುಳ್ಳು ಸಂಪರ್ಕಗಳ ಪ್ರವಾಹ ಹರಿಸಿದರು. ಎಲ್ಲರ ಸಂಪರ್ಕ ಕಡಿಯಿತು, ಸಾಲುಸಾಲಾಗಿ ಪಾತ್ರಗಳು ಸತ್ತವು. ತಿಂಗಳುಗಳ ದುಡಿಮೆ ಕೆಲವು ನಿಮಿಷಗಳಲ್ಲಿ ಹೋಯಿತು. ಬ್ಲಿಝಾರ್ಡ್ ತನ್ನ ನಿಯಮವನ್ನು ಬಾಗಿಸಿತು: ಇಂಥ ದಾಳಿಯಿಂದ ಸತ್ತವರನ್ನು ತಾನು ವಿವೇಚಿಸಿ ಬದುಕಿಸುತ್ತೇನೆ ಎಂದಿತು.

ಹೆಸರುವಾಸಿಗಳು ಸತ್ತಾಗಲೇ ಈ ಕರುಣೆ ಬಂತೇ ಎಂದು ಕೇಳಿದವರಿದ್ದಾರೆ. ಅಷ್ಟು ದಿನ ಲ್ಯಾಗ್‌ಗೆ, ಅಂದರೆ ಸಂಪರ್ಕದ ತಡಕ್ಕೆ, ಬಲಿಯಾದ ಸಾಮಾನ್ಯರಿಗೆ ಸಿಗದ ಮರುಜೀವ ಇವರಿಗೇಕೆ ಎಂಬ ಪ್ರಶ್ನೆಯಲ್ಲಿ ನ್ಯಾಯವಿದೆ. ಆದರೂ ಕಂಪನಿಯ ತೀರ್ಮಾನ ತಪ್ಪೆಂದು ನನಗನಿಸುವುದಿಲ್ಲ. ಲ್ಯಾಗ್ ದುರದೃಷ್ಟ; ಅದನ್ನು ಒಪ್ಪಿಯೇ ಆಟಕ್ಕೆ ಇಳಿದಿರುತ್ತೇವೆ. ಹೊರಗಿನವನೊಬ್ಬ ಆಟದ ಬೋರ್ಡನ್ನೇ ಮಗುಚಿ ಹಾಕಿದರೆ ಅದು ಆಟದೊಳಗಿನ ಸಾವಲ್ಲ. ಆದರೆ ಈ ಗೆರೆಯನ್ನು ಕಂಪನಿ ಒಬ್ಬಂಟಿಯಾಗಿ, ಮುಚ್ಚಿದ ಕೋಣೆಯಲ್ಲಿ ಎಳೆಯುತ್ತಿದೆ. ಹಳೆಯ ವ್ಯವಸ್ಥೆಯಲ್ಲಿ ಆಟಗಾರರೇ ವಿಡಿಯೊ ನೋಡಿ ಮೇಲ್ಮನವಿ ತೀರ್ಮಾನಿಸುತ್ತಿದ್ದರು, ಕಾರಣ ಎಲ್ಲರಿಗೂ ತಿಳಿಯುತ್ತಿತ್ತು. ಅದೇ ಮೇಲಾಗಿತ್ತು.

ನಮ್ಮಲ್ಲಿಂದ ಆಡುವವರಿಗೆ ದೂರದ ಲೆಕ್ಕವೂ ಇದೆ. ಈ ಆಟದ ಸರ್ವರ್ ಭಾರತದಲ್ಲಿಲ್ಲ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಪಶ್ಚಿಮ ಯುರೋಪಿಗೆ ನೇರ ದೂರ ಏಳು ಸಾವಿರದ ಐನೂರರ ಆಸುಪಾಸು; ಹೋಗಿ ಬರಲು ಕಡಿಮೆಯೆಂದರೂ ಸೆಕೆಂಡಿನ ಸಾವಿರದಲ್ಲಿ 75 ಪಾಲು. ತಂತಿ ನೇರವಾಗಿ ಹೋಗುವುದಿಲ್ಲ, ಸಮುದ್ರದ ತಳದಲ್ಲಿ ಬಳಸಿ ಹೋಗುತ್ತದೆ, ಹಾಗಾಗಿ ಪಿಂಗ್, ಅಂದರೆ ಹೋಗಿ ಬರುವ ನಿಜದ ಹೊತ್ತು, ಅದರ ಎರಡರಷ್ಟೋ ಇನ್ನೂ ಹೆಚ್ಚೋ. ಅಮೆರಿಕದ ಪಶ್ಚಿಮ ತೀರಕ್ಕಾದರೆ ದೂರವೇ ಹೆಚ್ಚುಕಡಿಮೆ ಎರಡರಷ್ಟು. ಹೆದರಬೇಕಾದ್ದೇನಿಲ್ಲ. ಡಕಾಯಿತನ ಬೆಂಕಿಯುಂಡೆ ತಯಾರಾಗಲು ಸೆಕೆಂಡುಗಟ್ಟಲೆ ಹಿಡಿಯುತ್ತದೆ, ನಮ್ಮ ಕಾಲು ಸೆಕೆಂಡಿನ ತಡದಿಂದ ಸಾವು ಬರುವುದು ಅಪರೂಪ. ಜೀವ ತೆಗೆಯುವುದು ಸಂಪರ್ಕ ಪೂರ್ತಿ ಕಡಿದಾಗ. ನೀವು ಪರದೆಯಿಂದ ಹೋದರೂ ನಿಮ್ಮ ಪಾತ್ರ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತದೆ, ಪೆಟ್ಟು ತಿನ್ನುತ್ತ.

ಆದ್ದರಿಂದ ಆಡುವ ಮನಸ್ಸಿದ್ದರೆ ಇಷ್ಟು ಮಾಡಿ. ವೈಫೈ ರೂಟರಿಗೂ ಒಂದು ಪುಟ್ಟ ಯುಪಿಎಸ್ ಹಾಕಿಸಿ. ಕಂಪ್ಯೂಟರಿಗೆ ಮಾತ್ರ ಹಾಕಿಸಿ ರೂಟರ್ ಮರೆಯುವವರೇ ಹೆಚ್ಚು. ಆಡ್‌ಆನ್‌ಗಳನ್ನು ರಾಶಿ ಹಾಕಬೇಡಿ. ದಾರಿ ತೋರುವ ಕ್ವೆಸ್ಟಿ ಒಂದು, ಸಾವಿನ ನಕ್ಷೆಗೆ ಡೆತ್‌ಲಾಗ್ ಒಂದು ಇದ್ದರೆ ಮೊದಲಿಗೆ ಧಾರಾಳ. ಗುಡುಗು ಕೇಳಿದರೆ ಊರೊಳಗಿನ ಛತ್ರಕ್ಕೆ ಹೋಗಿ ಲಾಗ್‌ಔಟ್ ಆಗಿ. ಪರೀಕ್ಷೆ ಹತ್ತಿರವಿರುವ ಮಕ್ಕಳು ಈ ಕಡೆ ತಲೆ ಹಾಕದಿರುವುದು ಒಳ್ಳೆಯದು, ನೂರು ಗಂಟೆಯ ಪಾತ್ರ ಹೋದ ರಾತ್ರಿ ಓದು ತಲೆಗೆ ಹತ್ತುವುದಿಲ್ಲ. ಮತ್ತೆ, ಮೊದಲ ಪಾತ್ರಕ್ಕೆ ಬಹಳ ಯೋಚಿಸಿ ಹೆಸರಿಡಬೇಡಿ. ಅದು ವೆಸ್ಟ್‌ಫಾಲ್ ದಾಟುವುದು ಕಷ್ಟ. ಇಷ್ಟದ ಹೆಸರನ್ನು ಮೂರನೆಯದಕ್ಕೋ ನಾಲ್ಕನೆಯದಕ್ಕೋ ಉಳಿಸಿಕೊಳ್ಳಿ.